ಬೆನ್ನಿನವಳ ಹೇಳಿಕೆ

ನಮ್ಮೂರಿನ ಯಾವ ಮನೆಗೆ ಬೇಕಾದರೂ ಹೋಗಿ, ಯಾವ ಮದುವೆಯ ಆಲ್ಬಮ್ ಬೇಕಾದರೂ ಬಿಡಿಸಿ ನೋಡಿ, ಒಂದೊಂದು ಫೋಟೋದಲ್ಲೂ ಯಾರದೋ ಒಂದು ಬೆನ್ನು ಇದ್ದೇ ಇರುತ್ತದೆ. ಹೊರಗಿನಿಂದ ಬಂದ ನೆಂಟರು ಅದನ್ನು ಕಂಡು, "ಅಯ್ಯೋ, ಇದ್ಯಾವ ಶನಿ ಅಡ್ಡ ನಿಂತುಬಿಟ್ಟಿದೆ, ಇಷ್ಟು ಚೆನ್ನಾಗಿರೋ ಫೋಟೋ ಹಾಳಾಯ್ತಲ್ಲ" ಎಂದು ಲೊಚಗುಟ್ಟುತ್ತಾರೆ. ಆ ಶನಿ ನಾನೇ, ದೇವೀರಮ್ಮ. ನನ್ನ ಜಡೆ ಕಪ್ಪಗೆ ಸೊಂಟ ದಾಟುತ್ತಿದ್ದಾಗಿನಿಂದ ಹಿಡಿದು ಈಗ ನಿಂಬೆಹಣ್ಣಿನಷ್ಟು ಬಿಳಿ ತುರುಬಾಗಿರುವವರೆಗೆ ಈ ಊರಿನ ಆಲ್ಬಮ್ಮುಗಳ ತುಂಬ ನನ್ನ ಬೆನ್ನಿದೆ. ಮುಖ ಒಂದರಲ್ಲೂ ಇಲ್ಲ.

ಫ್ಲ್ಯಾಶಿನ ಬೆಳಕು ಯಾರ ಕಣ್ಣಿಗೆ ಬಿತ್ತೋ ಅವರಿಗೆ ಆ ಗಳಿಗೆ ಮರೆತುಹೋಗುತ್ತದೆ. ಆ ಗಳಿಗೆ ಮತ್ತು ಅದರ ಹಿಂದಿನ ಒಂದಿಷ್ಟು ಹೊತ್ತು, ಎಲೆಅಡಿಕೆ ಹಾಕಿಕೊಳ್ಳುವಷ್ಟು. ಬೇರೆ ಊರುಗಳಲ್ಲಿ ಹಾಗಾಗುವುದಿಲ್ಲವಂತೆ, ಅವರ ಪುಣ್ಯ. ನಮ್ಮ ಜನ ಇದಕ್ಕೆ ಯಾವತ್ತೋ ಒಗ್ಗಿಹೋಗಿದ್ದಾರೆ. ಪಕ್ಕದ ಹಲ್ಲಿನ ಡಾಕ್ಟರ ಹತ್ತಿರ ಹಲ್ಲು ಕೀಳಿಸಿಕೊಂಡವರು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಮ್ಮ ಸ್ಟುಡಿಯೋಕ್ಕೆ ಓಡಿಬಂದು ಒಂದು ಪಾಸ್‌ಪೋರ್ಟ್ ಸೈಜ್ ತೆಗೆಸಿಕೊಳ್ಳುತ್ತಾರೆ. ಆಮೇಲೆ ತಮ್ಮ ಬಾಯಲ್ಲಿ ಹತ್ತಿ ಹೇಗೆ ಬಂತೆಂದು ನನ್ನನ್ನೇ ಕೇಳುತ್ತಾರೆ. ಜಗಳವಾಡಿದ ಗಂಡ ಹೆಂಡತಿ ಆ ಬಿಸಿಯಲ್ಲೇ ಬಂದು ಜೋಡಿ ಫೋಟೋಕ್ಕೆ ಕೂರುತ್ತಾರೆ. ಅದೆಲ್ಲ ಸರಿ. ಆದರೆ ಮದುವೆ ಎಂದರೆ ಫೋಟೋವೂ ಬೇಕು, ನೆನಪೂ ಬೇಕು. ಅದಕ್ಕೇ ಬೆನ್ನಿನವಳನ್ನು ಕರೆಸುವುದು.

ಬೆನ್ನಿನವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ, ಹೆಣ್ಣುಗಂಡಿಗೆ ಎದುರಾಗಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಲ್ಲಬೇಕು. ಫ್ಲ್ಯಾಶು ಹೊಡೆದ ಕೂಡಲೇ ಮಂಟಪದಲ್ಲಿದ್ದವರೆಲ್ಲ ಕಣ್ಣು ಪಿಳಿಪಿಳಿ ಬಿಡುತ್ತ, "ಎಲ್ಲಿಗೆ ಬಂದಿತ್ತು?" ಎನ್ನುತ್ತಾರೆ. "ಹಾರ ಹಾಕಿದ್ದಾಯ್ತು, ಮುಂದಕ್ಕೆ ನಡೀರಿ" ಎಂದು ನಾನು ಕೂಗಬೇಕು. ಮಾರನೆಯ ದಿನ ಅವರ ಮನೆಗೆ ಹೋಗಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಯಾರು ಅತ್ತರು, ಯಾರ ಕೈ ನಡುಗಿತು, ಯಾವ ಸೋದರಮಾವ ಹಲ್ಲು ಕಡಿದ ಎಂದು ಹೇಳಿಕೆ ಕೊಡಬೇಕು. ಹೇಳಿಕೆಯಲ್ಲಿ ಬಂದದ್ದೇ ನಡೆದದ್ದು. ಅದರ ಮೇಲೆ ಇನ್ನೊಂದು ಮಾತಿಲ್ಲ. ಕ್ಯಾಮೆರಾದ ಹಿಂದಿರುವ ಕಣ್ಣಿಗೆ ಬೆಳಕು ತಾಗುವುದಿಲ್ಲ, ಫೋಟೋ ತೆಗೆಯುವವನೂ ನೋಡಿರುತ್ತಾನಲ್ಲ ಎನ್ನಬೇಡಿ. ಒಂದು ಕಣ್ಣು ಮುಚ್ಚಿಕೊಂಡು ನೋಡಿದವನ ಮಾತು ನಮ್ಮೂರಲ್ಲಿ ನಡೆಯುವುದಿಲ್ಲ.

ಫೋಟೋ ತೆಗೆಯುವವನು ನನ್ನ ತಮ್ಮ ನಂಜುಂಡ. ಸ್ಟುಡಿಯೋ ಅವನದು. ನಮ್ಮಪ್ಪನ ಕಾಲದಿಂದ ಇದ್ದದ್ದು ಒಂದೇ ಒಂದು ಹಳೆಯ ಫ್ಲ್ಯಾಶು. ಅದಕ್ಕೆ ಹೊಡೆಯುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಂಜುಂಡ ಪೇಟೆಗೆ ಹೋಗಿ ಎರಡು ಹೊಸ ಸೆಟ್ಟು ತಂದ. ಹಿಂಬದಿಗೆ ಪುಟ್ಟ ಗಾಜಿನ ಪರದೆ, ಅದರ ಕೆಳಗೆ ಗುಂಡಿಗಳು, ಗುಂಡಿಯ ಮೇಲೆಲ್ಲ ಏನೇನೋ ಗುರುತು. ಅವನು ಅವನ್ನು ಕೈಕೂಸಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದ. ನಾನು ಹತ್ತಿರ ಹೋದರೆ, "ಮುಟ್ಬೇಡಕ್ಕ, ನಿಂಗೆ ಗೊತ್ತಾಗಲ್ಲ" ಎನ್ನುತ್ತಿದ್ದ. ನಾನು ಹುಟ್ಟಾ ಅನುಮಾನದವಳು. ಹಾಲಿನವನು ಪಾತ್ರೆಗೆ ಹಾಲು ಸುರಿದರೆ ಅವನೆದುರಿಗೇ ಬೆರಳದ್ದಿ ನೋಡುತ್ತೇನೆ. ಆದರೆ ಒಡಹುಟ್ಟಿದವನ ಮೇಲೆ ಆ ಬೆರಳು ಹೋಗಿರಲಿಲ್ಲ, ಸರ್ವಮಂಗಳ ಬಂದು ಕೇಳುವವರೆಗೆ.

ಸರ್ವಮಂಗಳ ಬಂದದ್ದು ಒಂದು ಮಧ್ಯಾಹ್ನ, ನಂಜುಂಡ ಯಾವುದೋ ನಾಮಕರಣಕ್ಕೆ ಹೋಗಿದ್ದಾಗ. ಎಣ್ಣೆ ಗಾಣದ ಓಣಿಯ ಉಮಾಪತಿಗೆ ಅವಳನ್ನು ಕೊಟ್ಟು ಹೋದ ವರ್ಷವಷ್ಟೇ ಮದುವೆಯಾಗಿತ್ತು. ಬೆನ್ನಿಗೆ ನಿಂತವಳು ನಾನೇ, ಮಾರನೆಯ ದಿನ ಹೇಳಿಕೆ ಕೊಟ್ಟವಳೂ ನಾನೇ. ಕಂಕುಳಲ್ಲಿ ಮದುವೆಯ ಆಲ್ಬಮ್ ಇಟ್ಟುಕೊಂಡು ಬಂದವಳು ಕುರ್ಚಿಯ ತುದಿಯಲ್ಲಿ ಕೂತು, ತಂದುಕೊಟ್ಟ ನೀರನ್ನೂ ಕುಡಿಯಲಿಲ್ಲ.

"ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಅವತ್ತು ತಾಳಿ ಕಟ್ಟೋವಾಗ ನಾನು ನಿಜವಾಗ್ಲೂ ನಕ್ಕಿದ್ನಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಕ್ಕಿದ್ನಾ ಅಂದ್ರೆ ಏನೇ ಅರ್ಥ? ನಾನೇನು ನಿಮ್ಮನೇಗೆ ಬಂದು ಕಟ್ಟುಕಥೆ ಹೇಳಿ ಹೋದ್ನಾ? ನಾಚ್ಕೊಂಡು ಅವನ ಕೈ ಮುಟ್ಟಿದೆ, ಮುಟ್ಟಿ ಕೈ ಹಿಂದಕ್ಕೆ ತಗೊಂಡೆ, ಆಮೇಲೆ ನಕ್ಕೆ. ಊರಿಗೆಲ್ಲ ಗೊತ್ತಿರೋದೇ ಇದು."

"ಊರಿಗೆ ಗೊತ್ತು ಅಕ್ಕ. ನಂಗೇ ಗೊತ್ತಿಲ್ಲ."

"ಯಾಕೆ, ಗಂಡ ಏನಾದ್ರೂ ಅಂದ್ನಾ? ಹೊಡೀತಾನಾ?"

"ಅಯ್ಯೋ, ಇಲ್ಲಪ್ಪ. ಅವರು ಕೆಟ್ಟವರಲ್ಲ. ಸಂತೆಗೆ ಹೋದ್ರೆ ನಂಗಿಷ್ಟ ಅಂತ ಹುರಿಗಡಲೆ ತರ್ತಾರೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಆದ್ರೆ ಒಂದೊಂದು ದಿನ ಬೆಳಗ್ಗೆ ಎದ್ದ ತಕ್ಷಣ ಇದು ನನ್ನ ಮನೆ ಅಲ್ಲ, ನಾನಿಲ್ಲಿಗೆ ಬರ್ಬೇಕಾದವಳಲ್ಲ ಅನ್ಸುತ್ತೆ ಅಕ್ಕ. ಬಟ್ಟೆ ತುಂಬ್ಕೊಂಡು ಹೊರಟೇಬಿಡೋಣ ಅಂತ ಬ್ಯಾಗ್ ತೆಗೀತೀನಿ. ಆಗ ನಿಮ್ಮ ಹೇಳಿಕೆ ನೆನಪಾಗುತ್ತೆ. ಅಷ್ಟು ಜನರ ಎದುರಿಗೆ ನಕ್ಕೊಂಡು ಕಟ್ಟಿಸ್ಕೊಂಡವಳು ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ ಬ್ಯಾಗ್ ಮತ್ತೆ ಒಳಗಿಡ್ತೀನಿ. ಅದಕ್ಕೇ ಕೇಳಿದ್ದು. ನಿಮ್ಮ ಒಂದು ಮಾತಿನ ಮೇಲೆ ನಿಂತಿದೀನಿ ಅಕ್ಕ ನಾನು. ಅದು ಗಟ್ಟಿಯಾಗಿದೆ ಅಂತ ಗೊತ್ತಾದ್ರೆ ಸಾಕು, ಇನ್ನೊಂದು ಸಲ ಕೇಳಲ್ಲ."

"ಆಲ್ಬಮ್ ಇಲ್ಲೇ ಇಟ್ಟು ಹೋಗು. ಶುಕ್ರವಾರ ಬಾ" ಎಂದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಅವಳು ಹೋದಮೇಲೆ ಕಣ್ಣು ಮುಚ್ಚಿ ಆ ನಗುವನ್ನು ನೆನೆಸಿಕೊಂಡೆ. ಅದೇನು ನನಗೆ ಕಷ್ಟದ ಕೆಲಸವಲ್ಲ, ಜೀವಮಾನವೆಲ್ಲ ಮಾಡಿದ ಕೆಲಸ. ನಗು ಬಂತು. ಅದರ ಹಿಂದೆಯೇ ಆಟೋದ ಟರ್ರ್ ಎನ್ನುವ ಸದ್ದು ಬಂತು. ಇದೇನಪ್ಪ, ಕಲ್ಯಾಣಮಂಟಪದೊಳಗೆ ಆಟೋ ಎಲ್ಲಿಂದ ಬಂತು ಎಂದು ಕಣ್ಣು ಬಿಟ್ಟೆ. ಮತ್ತೆ ಮುಚ್ಚಿದೆ. ಹಳೆಯ ಮದುವೆಗಳನ್ನು ಒಂದೊಂದಾಗಿ ನೆನೆದೆ. ಹಳೆಯವು ಬಂದಾಗ ಅವುಗಳ ಜೊತೆ ಮಲ್ಲಿಗೆಯ ವಾಸನೆ, ಹೊಗೆ, ಓಲಗದವನ ಕೆಮ್ಮು ಎಲ್ಲ ಬಂದವು. ಈ ಎರಡು ವರ್ಷದವು ಬಂದಾಗ ಮಾತ್ರ ಬರೀ ಆಟೋ. ಮದುವೆ ಮುಗಿಸಿ ನಾನೂ ನಂಜುಂಡನೂ ಮನೆಗೆ ಬರುವ ಆಟೋ. "ಏನು ನಕ್ಕಳು ಅಕ್ಕ ಆ ಹುಡುಗಿ! ನಾಚ್ಕೊಂಡು ಕೈ ಹಿಂದಕ್ಕೆ ತಗೊಂಡು ನಕ್ಕಳು ನೋಡು!" ಅದು ನನ್ನ ನೆನಪಲ್ಲ. ಅವನ ಮಾತು.

ಒಂದು ಸಲ ಎಳೆ ಸಿಕ್ಕಿತೆಂದರೆ ನಾನು ಬಿಡುವವಳಲ್ಲ. ಈ ಎರಡು ವರ್ಷದಲ್ಲಿ ಯಾವ ಮದುವೆಯಲ್ಲೂ ಬೀಗರು ಮುನಿಸಿಕೊಂಡೇ ಇಲ್ಲ! ಯಾವ ಅತ್ತೆಯೂ ಮೂತಿ ತಿರುವಿಲ್ಲ, ಯಾವ ಚಿಕ್ಕಪ್ಪನೂ ಕುಡಿದು ಬಂದಿಲ್ಲ. ಇಡೀ ಊರು ಒಟ್ಟಿಗೇ ಒಳ್ಳೆಯದಾಗಿಬಿಟ್ಟಿತೇ? ನಂಬುವ ಮಾತೇ ಇದು? ಇನ್ನೊಂದು. ಫ್ಲ್ಯಾಶು ಹೊಡೆದಮೇಲೆ "ಎಲ್ಲಿಗೆ ಬಂದಿತ್ತು?" ಎಂದು ಜನ ಕೇಳಿದಾಗ ಈಗೀಗ ಕೂಗಿ ಹೇಳುವವನು ನಂಜುಂಡನೇ. "ನೀನ್ಯಾಕೆ ಗಂಟಲು ಹರ್ಕೋತೀಯ ಅಕ್ಕ, ಸುಮ್ನೆ ನಿಂತ್ಕೋ" ಎಂದು ಅವನು ಅಂದಾಗ, ವಯಸ್ಸಾದ ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದು ನಾನು ಹಿಗ್ಗಿದ್ದೆ. ಹಿಗ್ಗಿದ್ದಕ್ಕೆ ಈಗ ನಾಚಿಕೆಯಾಯಿತು.

ಆಲ್ಬಮ್ ಬಿಡಿಸಿದೆ. ನಮ್ಮ ಸ್ಟುಡಿಯೋದ ಫೋಟೋಗಳಿಗೆ ಈಗ ಊರಲ್ಲಿ ಬಲು ಹೆಸರು. ಕಾರಣ, ಹೆಣ್ಣಿನ ತಲೆಗೂದಲ ಸುತ್ತ ಬಂಗಾರದ ಅಂಚು ಹಚ್ಚಿದ ಹಾಗೆ ಒಂದು ಹೊಳಪು ಇರುತ್ತದೆ. ಅದಕ್ಕೇ ಜನ ಮುಗಿಬಿದ್ದು ಬರುತ್ತಾರೆ. ಸರ್ವಮಂಗಳಳ ಕೂದಲ ಸುತ್ತಲೂ ಅದೇ ಹೊಳಪು. ನಾನು ಅದನ್ನು ನೂರಾರು ಸಲ ನೋಡಿ ಮೆಚ್ಚಿದ್ದೆ. ಅವತ್ತು ಮೊದಲ ಸಲ ಮನಸ್ಸಿಗೆ ಹೊಳೆಯಿತು. ಕೂದಲಿನ ಅಂಚು ಹೊಳೆಯಬೇಕಾದರೆ ಬೆಳಕು ಅವಳ ಹಿಂದಿನಿಂದ ಬಂದಿರಬೇಕು. ಅವಳ ಹಿಂದಿನಿಂದ ಬಂದ ಬೆಳಕು ನೇರ ಯಾರ ಮುಖಕ್ಕೆ ಹೊಡೆಯುತ್ತದೆ? ಅವಳಿಗೆ ಎದುರಾಗಿ ನಿಂತವಳ ಮುಖಕ್ಕೆ.

ಎದ್ದು ಹೋಗಿ ಬೀರುವಿನಿಂದ ಎರಡೂ ಸೆಟ್ಟು ತೆಗೆದೆ. ಒಂದನ್ನು ಅಲಮಾರಿನ ಮೇಲೆ ಗೋಡೆಗೆ ಮುಖಮಾಡಿ ಇಟ್ಟೆ, ಇನ್ನೊಂದನ್ನು ಕೈಯಲ್ಲಿ ಹಿಡಿದೆ. ಅವನು ಗುಂಡಿ ಒತ್ತಿ ಪರೀಕ್ಷೆ ಮಾಡುವುದನ್ನು ನೋಡಿದ್ದೆ. ಎರಡನ್ನೂ ಚಾಲೂ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಮೇಲೆ ಸೆರಗನ್ನೂ ಅಡ್ಡ ಹಿಡಿದು, ಕೈಯಲ್ಲಿದ್ದುದರ ಗುಂಡಿ ಒತ್ತಿದೆ. ನನ್ನ ಕೈಯಲ್ಲಿ ಟಪ್ ಎಂದಿತು. ಅದರ ಜೊತೆಗೇ ಅಲಮಾರಿನ ಮೇಲೂ ಟಪ್ ಎಂದಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಎರಡು ಟಪ್. ಅಲಮಾರಿನದರ ಬದಿಯಲ್ಲಿ ಒಂದು ಪುಟ್ಟ ಗುಂಡಿ ಎಸ್ಸು ಎಂಬ ಅಕ್ಷರದ ಮೇಲೆ ನಿಂತಿತ್ತು. ಅದನ್ನು ಉಗುರಿನಿಂದ ಆಚೆ ತಳ್ಳಿ ಮತ್ತೆ ಒತ್ತಿದರೆ ಈ ಸಲ ನನ್ನ ಕೈಯಲ್ಲಿರುವುದು ಮಾತ್ರ ಹೊಡೆಯಿತು. ಒಂದು ಹೊಡೆದದ್ದನ್ನು ಕಂಡು ಇನ್ನೊಂದೂ ತಾನೇ ಹೊಡೆಯುವ ಹಾಗೆ ಯಾರೋ ಇಟ್ಟಿದ್ದಾರೆ. ಯಾರೋ ಏನು, ನನ್ನ ತಮ್ಮ. ಎರಡು ವರ್ಷದಿಂದ ಒಂದೊಂದು ಫೋಟೋಕ್ಕೂ ಹೆಣ್ಣಿನ ಹಿಂದಿನ ಹೂವಿನ ಮರೆಯಿಂದ ನನ್ನ ಕಣ್ಣಿಗೆ ಬೆಳಕು ಬಿದ್ದಿದೆ.

ಸಾಯಂಕಾಲ ಅವನು ಬಂದ. ನಾನು ಅವನಿಗಿಷ್ಟವೆಂದು ಅವರೆಕಾಳಿನ ಉಪ್ಪಿಟ್ಟು ಮಾಡಿದ್ದೆ. ಮೇಲೆ ಎರಡು ಚಮಚ ತುಪ್ಪ ಜಾಸ್ತಿಯೇ ಬಿಟ್ಟು ಮುಂದಿಟ್ಟೆ. ಅಕ್ಕ ಯಾಕೆ ಇಷ್ಟು ತುಪ್ಪ ಬಿಡುತ್ತಿದ್ದಾಳೆ ಎಂದು ಅವನಿಗೆ ಅನುಮಾನ ಬರಲಿಲ್ಲ. ಅನುಮಾನವೆಲ್ಲ ಅಪ್ಪ ನನಗೊಬ್ಬಳಿಗೇ ಬಿಟ್ಟುಹೋಗಿದ್ದ.

"ಲೋ ನಂಜುಂಡ, ಆ ಫ್ಲ್ಯಾಶಿನ ಮೇಲೆ ಏನೇನೋ ಬರ್ದಿದೆಯಲ್ಲ, ಒಂಚೂರು ನಂಗೂ ಹೇಳ್ಕೊಡೋ. ನಾಳೆ ನೀನು ಜ್ವರ ಬಂದು ಮಲಗಿದ್ರೆ ಪಾಸ್‌ಪೋರ್ಟ್ ಸೈಜಾದ್ರೂ ತೆಗೀತೀನಿ."

ಅವನ ಮುಖ ಅರಳಿತು. ಹೊಸ ಸೆಟ್ಟಿನ ಬಗ್ಗೆ ಕೇಳುವವರೇ ಅವನಿಗೆ ಇರಲಿಲ್ಲ, ಪಾಪ. ಎಂಜಲು ಕೈಯಲ್ಲೇ ತೋರಿಸತೊಡಗಿದ. "ಇದು ಆಟೋ. ಎದುರಿಗಿರೋರು ಎಷ್ಟು ದೂರ ಇದಾರೆ, ಎಷ್ಟು ಬೆಳಕು ಬೇಕು ಅಂತ ತಾನೇ ಅಳತೆ ನೋಡಿ ಹೊಡೆಯುತ್ತೆ. ಮಕ್ಕಳ ಫೋಟೋಕ್ಕೆ ಇದೇ ಒಳ್ಳೇದು, ಜಾಸ್ತಿ ಮರೆಯಲ್ಲ. ಇದು ಮ್ಯಾನ್ಯುಯಲ್. ಅಂದ್ರೆ ನಾವೇ ಇಡೋದು. ಫುಲ್ ಇಟ್ರೆ ಒಂದು ಪಂಕ್ತಿ ಊಟ ಮರ್ತುಹೋಗುತ್ತೆ, ಕಾಲು ಇಟ್ರೆ ನಾಲ್ಕು ತುತ್ತು. ಇದು ಮಲ್ಟಿ. ಪಟಪಟ ಅಂತ ಹೊಡೆಯುತ್ತೆ. ಒಬ್ಬನೇ ಒಂದೇ ಫೋಟೋದಲ್ಲಿ ನಾಲ್ಕೈದು ಜನ ಆಗಿ ಕಾಣ್ತಾನೆ. ಇದನ್ನ ಮನುಷ್ಯರ ಮೇಲೆ ಹಾಕ್ಬಾರದು ಅಕ್ಕ, ನೆನಪು ಜರಡಿ ಆಗ್ಬಿಡುತ್ತೆ."

"ಮತ್ತೆ ಈ ಮೂರು ಬಾಣ?"

"ಅದಾ! ಅದು ಬಲು ಮಜ. ಶಟರ್ ನಿಧಾನ ಇಟ್ಟಾಗ, ಅಂದ್ರೆ ಕ್ಯಾಮೆರಾದ ಕಣ್ಣು ಒಂಚೂರು ಹೊತ್ತು ತೆರೆದೇ ಇದ್ದಾಗ ಹಾಕೋದು. ಸಾಮಾನ್ಯಕ್ಕೆ ಫ್ಲ್ಯಾಶು ಶುರುವಿನಲ್ಲೇ ಹೊಡೆದುಬಿಡುತ್ತೆ, ಆಮೇಲೆ ಆ ವಸ್ತು ಅಲುಗಾಡಿದ್ದು ಮಸಕು ಬಾಲದ ಥರ ಬರುತ್ತೆ. ಮೂರು ಬಾಣ ಹಾಕಿದ್ರೆ ಮೊದಲು ಬಾಲ, ಕೊನೆಗೆ ಫ್ಲ್ಯಾಶು. ಈಗ ಓಡ್ತಿರೋ ಬೈಕ್ ತೆಗೆದೆ ಅನ್ಕೋ. ಬಾಣ ಹಾಕಿದ್ರೆ ಬೆಳಕಿನ ಬಾಲ ಬೈಕಿನ ಹಿಂದೆ ಇರುತ್ತೆ. ಹಾಕದೇ ಇದ್ರೆ ಬಾಲ ಮುಂದಕ್ಕೆ ಬಂದು, ಬೈಕು ಹಿಂದಕ್ಕೆ ಹೋದಂಗೆ ಕಾಣುತ್ತೆ."

"ಅಂದ್ರೆ ಹೋಗಿದ್ದು ಬಂದಂಗೂ ಬಂದಿದ್ದು ಹೋದಂಗೂ ಕಾಣುತ್ತೆ ಅನ್ನು."

"ಹ್ಞೂಂ, ಅದೇ. ಯಾವುದು ಹಾಕಿದ್ರು ಅಂತ ಗೊತ್ತಿದ್ದೋರಿಗೆ ಮಾತ್ರ ಸರಿಯಾಗಿ ಓದಕ್ಕೆ ಬರೋದು."

"ನಮ್ಮ ಮದುವೆಗಳಿಗೆ ಯಾವುದು ಹಾಕ್ತೀಯ?"

ಉಪ್ಪಿಟ್ಟು ಕಲಸುತ್ತಿದ್ದ ಬೆರಳು ನಿಂತವು. "ಮೊದಲನೇದೇ. ಮದುವೇಲಿ ಬಾಣ ಯಾಕೆ."

"ಪಕ್ಕದಲ್ಲಿ ಎಸ್ಸು ಅಂತ ಒಂದಿದೆಯಲ್ಲ?"

"ಅದಾ? ಅದು ಸುಮ್ನೆ. ಕಂಪನಿಯವರು ಇಡ್ಬೇಕಲ್ಲ ಅಂತ ಇಟ್ಟಿರ್ತಾರೆ" ಎಂದು ಎದ್ದುಹೋಗಿ ಕೈ ತೊಳೆದ. ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಹಾಗೇ ಉಳಿದಿತ್ತು. ಅವನು ಅವರೆಕಾಳಿನ ಉಪ್ಪಿಟ್ಟು ಬಿಟ್ಟು ಎದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾರನೆಯ ದಿನ ಅವನು ಹೊರಗೆ ಹೋದಕೂಡಲೇ ಆಲ್ಬಮ್ಮನ್ನು ಬಾಗಿಲ ಬೆಳಕಿಗೆ ತಂದು ಆ ಒಂದು ಫೋಟೋವನ್ನು ನೋಡುತ್ತ ಕೂತೆ. ಉಮಾಪತಿ ತಾಳಿ ಹಿಡಿದು ಬಾಗಿದ್ದಾನೆ. ಸರ್ವಮಂಗಳಳ ಕೈ ಅವನ ಮಣಿಕಟ್ಟಿನ ಮೇಲಿದೆ, ಬಳೆ ಎಣಿಸುವಷ್ಟು ಸ್ಪಷ್ಟವಾಗಿ. ಆ ಕೈಯಿಂದ ಅವಳ ಮಡಿಲಿನವರೆಗೆ ಒಂದು ಮಸಕು ಬಾಲ. ಬಾಯಿ ಸ್ವಲ್ಪ ತೆರೆದಿದೆ. ಊರಿನವರೆಲ್ಲ ಇದನ್ನು ಓದಿದ್ದು ಒಂದೇ ಥರ: ಕೈ ಮುಟ್ಟಿದಳು, ನಾಚಿ ಮಡಿಲಿಗೆ ಎಳೆದುಕೊಂಡಳು, ನಕ್ಕಳು. ಫ್ಲ್ಯಾಶು ಮೊದಲು ಹೊಡೆದಿದ್ದರೆ ಅದು ಸರಿ. ಕೊನೆಗೆ ಹೊಡೆದಿದ್ದರೆ? ಆಗ ಆ ಕೈ ಮಡಿಲಿನಿಂದ ಎದ್ದು ಬಂದು ತಾಳಿ ಕಟ್ಟುವವನ ಕೈಯನ್ನು ಹಿಡಿದಿದೆ. ಒಂದೇ ಕೈ, ಒಂದೇ ಬಾಲ. ಯಾವುದು ಮೊದಲು ಎಂದು ಹೇಳಬಲ್ಲವನು ನಂಜುಂಡ ಒಬ್ಬನೇ. ಅವನು ಹೇಳಿದ್ದನ್ನು ನಾನು ನಂಬುವ ಕಾಲ ಮುಗಿದಿತ್ತು.

ಸುಮಾರು ಹೊತ್ತು ಹಾಗೇ ಕೂತಿದ್ದೆ. ಫೋಟೋದಲ್ಲಿ ಇನ್ನೇನು ಅಲುಗಾಡಿದೆ ಎಂದು ಹುಡುಕಿದೆ. ಪುರೋಹಿತರು ಬೊಂಬೆಯ ಹಾಗೆ ಕೂತಿದ್ದರು. ಉಮಾಪತಿಯ ತಲೆಯ ಹಿಂದೆ ತುಸು ಮಸಕಿತ್ತು, ಅವನು ಕತ್ತು ಎತ್ತಿದ್ದಾನೋ ಬಗ್ಗಿಸಿದ್ದಾನೋ ಅದೂ ತಿಳಿಯುವಂತಿರಲಿಲ್ಲ. ಆಮೇಲೆ ಅಕ್ಷತೆ ಕಂಡಿತು. ಗಟ್ಟಿಮೇಳ ಎಂದು ಯಾರೋ ಕೂಗಿರಬೇಕು, ಆತುರದವರು ಆಗಲೇ ಎರಚಿದ್ದರು. ಹೆಣ್ಣುಗಂಡಿನ ತಲೆಯ ಮೇಲೆ, ಅವರ ನಡುವೆ, ಗಾಳಿಯಲ್ಲಿ ಅರಿಸಿನದ ಅಕ್ಕಿಕಾಳುಗಳು. ಒಂದೊಂದು ಕಾಳಿಗೂ ಒಂದೊಂದು ಪುಟ್ಟ ಬಾಲ.

ಅಕ್ಕಿ ಬೀಳುವುದು ಕೆಳಕ್ಕೆ. ನಮ್ಮೂರಿನ ಫ್ಲ್ಯಾಶು ಏನು ಬೇಕಾದರೂ ಮಾಡಲಿ, ಅಕ್ಕಿಯನ್ನು ಮೇಲಕ್ಕೆ ಬೀಳಿಸಲು ಅದರಿಂದ ಆಗುವುದಿಲ್ಲ. ಫ್ಲ್ಯಾಶು ಮೊದಲು ಹೊಡೆದಿದ್ದರೆ ಕಾಳು ಮೇಲಿದ್ದು ಬಾಲ ಕೆಳಕ್ಕೆ ಇಳಿದಿರಬೇಕು. ಕೊನೆಗೆ ಹೊಡೆದಿದ್ದರೆ ಬಾಲ ಮೇಲಿದ್ದು ಕಾಳು ಕೆಳಗಿರಬೇಕು. ಕನ್ನಡಕ ಒರೆಸಿಕೊಂಡು ಒಂದು ಕಾಳನ್ನು ನೋಡಿದೆ, ಇನ್ನೊಂದನ್ನು ನೋಡಿದೆ, ತಲೆಯ ಬಳಿ ಇದ್ದದ್ದನ್ನೆಲ್ಲ ನೋಡಿದೆ. ಎಲ್ಲದರ ಬಾಲವೂ ಮೇಲಕ್ಕಿತ್ತು.

ಅಯ್ಯೋ ದೇವರೇ ಎಂದು ಜೋರಾಗಿ ಅಂದುಬಿಟ್ಟೆ. ಆ ಮಗು ಅವನ ಕೈ ಹಿಡಿದು ನಿಲ್ಲಿಸಿದೆ. ನಾನು ಮಾರನೆಯ ದಿನ ಅವಳ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಫಿ ಹೀರುತ್ತ, ನಕ್ಕಳು ಎಂದು ಹೇಳಿ ಬಂದಿದ್ದೇನೆ.

ಇದನ್ನು ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೆನ್ನಿನವಳ ಕಣ್ಣಿಗೆ ಬೆಳಕು ಬಿದ್ದಿತ್ತು ಎಂದರೆ ಅವಳ ಹೇಳಿಕೆಗೆ ಮೂರು ಕಾಸಿನ ಬೆಲೆಯಿಲ್ಲ. ಒಂದು ಹೋದರೆ ಎರಡು ವರ್ಷದ್ದೆಲ್ಲ ಹೋಯಿತು. ಮನೆಮನೆಯವರೂ ಆಲ್ಬಮ್ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ, ನಮ್ಮಮ್ಮ ಅತ್ತಿದ್ದಳೋ ನಕ್ಕಿದ್ದಳೋ ಹೇಳು ಎಂದು ಜುಟ್ಟು ಹಿಡಿಯುತ್ತಾರೆ. ನಂಜುಂಡನ ಸ್ಟುಡಿಯೋ, ನನ್ನ ಅನ್ನ, ಎರಡೂ ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳೇ ಹೇಳಿದ್ದಾಳಲ್ಲ, ಗಟ್ಟಿ ಎಂದರೆ ಸಾಕು, ಇನ್ನೊಂದು ಸಲ ಕೇಳುವುದಿಲ್ಲ ಎಂದು. ಶುಕ್ರವಾರದವರೆಗೆ ಇದನ್ನೇ ಅರೆದೆ.

ಶುಕ್ರವಾರ ಬೆಳಗ್ಗೆ ಸರ್ವಮಂಗಳ ಬಂದಾಗ ನಂಜುಂಡ ಸ್ಟುಡಿಯೋದಲ್ಲೇ ಇದ್ದ. ಅವಳನ್ನು ಕಂಡ, ನನ್ನ ಮಡಿಲಲ್ಲಿದ್ದ ಆಲ್ಬಮ್ ಕಂಡ, ತೆರೆದಿದ್ದ ಪುಟ ಕಂಡ. ಮೊಬೈಲು ನೋಡುತ್ತ ಕೂತಿದ್ದವನು ಎದ್ದು ನಿಂತ.

"ಅಕ್ಕ, ಏನು ಮಾಡ್ತಿದ್ದೀಯ?"

"ನಿನ್ನ ಕೆಲಸ ನೋಡ್ಕೋ."

"ಅಕ್ಕ, ಬೇಡ. ಆಗಿದ್ದು ಆಗ್ಹೋಗಿದೆ. ಈಗ ಹೇಳಿ ಏನು ಉಪಯೋಗ?"

ಸರ್ವಮಂಗಳಳನ್ನು ಹತ್ತಿರ ಕೂರಿಸಿಕೊಂಡೆ. ಆಗ ನನ್ನ ಹಿಂದೆ ಬೀರು ತೆರೆದ ಸದ್ದಾಯಿತು. ಆಮೇಲೆ ಕುಂಯ್ ಎಂದು ಸಣ್ಣಗೆ ಶುರುವಾಗಿ ಏರುತ್ತ ಹೋಗುವ ದನಿ. ಅದು ಫ್ಲ್ಯಾಶು ಬೆಳಕು ತುಂಬಿಕೊಳ್ಳುವ ದನಿ, ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಫುಲ್ ಇಟ್ಟರೆ ಒಂದು ಪಂಕ್ತಿ ಊಟ ಮರೆಯುತ್ತದೆ ಎಂದಿದ್ದ. ಈ ಹುಡುಗಿ ಬಂದದ್ದು, ನಾನು ಹೇಳಲಿರುವುದು, ಎಲ್ಲವೂ ಅಷ್ಟರೊಳಗೇ ಅಳಿಸಿಹೋಗುತ್ತದೆ.

"ಮಂಗಳ, ಕಣ್ಣು ಮುಚ್ಕೋ. ನಾನು ಹೇಳೋವರೆಗೂ ಬಿಡ್ಬೇಡ" ಎಂದೆ. ನಾನೂ ಮುಚ್ಚಿದೆ. ಅವಳ ಎರಡೂ ಕೈ ಹಿಡಿದುಕೊಂಡು ಕತ್ತಲೆಯಲ್ಲೇ ಹೇಳಿದೆ. ಹಿಂದಿನ ಬೆಳಕಿನ ವಿಷಯ ಹೇಳಿದೆ, ಆಟೋದಲ್ಲಿ ಕೇಳಿಸಿಕೊಂಡದ್ದು ಹೇಳಿದೆ, ಅಕ್ಕಿಕಾಳಿನದು ಹೇಳಿದೆ. "ನೀನು ನಕ್ಕಿದ್ದು ನಾನು ನೋಡಿಲ್ಲ ಕಣವ್ವ. ನೀನು ಅವನ ಕೈ ಹಿಡಿದು ನಿಲ್ಲಿಸಿದ್ದೆ. ನನ್ನ ಹೇಳಿಕೆ ಸುಳ್ಳು."

ಕುಂಯ್ ಎನ್ನುವ ದನಿ ತುದಿಗೆ ಹೋಗಿ ನಿಂತಿತ್ತು. ಟಪ್ ಎನ್ನಲಿಲ್ಲ. ಕಣ್ಣು ಬಿಟ್ಟು ತಿರುಗಿ ನೋಡಿದರೆ ನಂಜುಂಡ ಸೆಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ. ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ಹೊಡೆಯುವುದಕ್ಕೇ ಎತ್ತಿಕೊಂಡಿದ್ದನೋ, ಮನಸ್ಸು ಬದಲಾಯಿತೋ, ಇಲ್ಲ ನಾವು ಕಣ್ಣು ಮುಚ್ಚಿದ್ದಕ್ಕೆ ಬಿಟ್ಟನೋ, ನನಗೆ ಗೊತ್ತಿಲ್ಲ. ಕೇಳಿದರೆ ಬ್ಯಾಟರಿ ನೋಡುತ್ತಿದ್ದೆ ಎನ್ನುತ್ತಾನೆ. ನಾನು ನಂಬಿಲ್ಲ.

"ಯಾವಾಗ್ಲಿಂದ ಗೊತ್ತಿತ್ತೋ ನಿಂಗೆ?" ಎಂದೆ.

"ಮೊದಲನೇ ಮದುವೆಯಿಂದ್ಲೇ" ಎಂದ, ಫ್ಲ್ಯಾಶಿಗೇ ಹೇಳುವವನ ಹಾಗೆ ತಲೆ ತಗ್ಗಿಸಿ. "ಆಟೋದಲ್ಲಿ ನೀನೇ ನನ್ನ ಕೇಳ್ದೆ, ಏನೇನಾಯ್ತೋ ಅಂತ. ಆಗ್ಲೇ ಗೊತ್ತಾಯ್ತು. ಹಿಂದಿನ ಲೈಟು ತೆಗೆದ್ರೆ ಕೂದಲ ಹೊಳಪು ಹೋಗುತ್ತೆ, ಜನ ಬರೋದೇ ಅದಕ್ಕೆ. ಇಟ್ರೆ ನಿನ್ನ ನೆನಪು ಹೋಗುತ್ತೆ. ನಾನು ನೋಡಿರ್ತೀನಲ್ಲ, ನಾನೇ ಹೇಳ್ಕೊಟ್ರೆ ಆಯ್ತು ಅಂದ್ಕೊಂಡೆ. ಒಳ್ಳೇದನ್ನೇ ಹೇಳಿದೀನಿ ಅಕ್ಕ. ಯಾರ ಮನೇದೂ ಒಂದು ಕೆಟ್ಟ ಮಾತು ಹೇಳಿಲ್ಲ."

"ಥೂ, ನಿನ್ನ ಒಳ್ಳೇದಕ್ಕೆ ಬೆಂಕಿ ಹಾಕ!" ಎಂದೆ. ಕೈಗೆ ಏನಾದರೂ ಸಿಕ್ಕಿದ್ದರೆ ಎಸೆದುಬಿಡುತ್ತಿದ್ದೆ.

ಸರ್ವಮಂಗಳ ಅಳಲಿಲ್ಲ. ಫೋಟೋದಲ್ಲಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತಲೆಯೆತ್ತಿ, "ನಂಜುಂಡಣ್ಣ, ನಾನು ಏನಾದ್ರೂ ಮಾತಾಡಿದ್ನಾ?" ಎಂದು ಕೇಳಿದಳು. ಒಂದು ಕಣ್ಣು ಮುಚ್ಚಿ ನೋಡಿದವನನ್ನು ನಮ್ಮೂರಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಅವನು ಸೆಟ್ಟನ್ನು ಮೇಜಿನ ಮೇಲಿಟ್ಟ. "'ಸ್ವಲ್ಪ ತಡೀರಿ' ಅಂದೆ ನೀನು."

"ಅಷ್ಟೇನಾ?"

"ಅಷ್ಟೇ. ಮೆಲ್ಲಗೆ ಅಂದೆ."

"ಅವರಿಗೆ ಕೇಳಿಸ್ತಾ?"

"ಕೇಳಿಸ್ತು. ಕೈ ನಿಲ್ಸಿದ. ತಲೆ ಎತ್ತಿ ನಿನ್ನ ಮುಖ ನೋಡಿದ. ನಾನು ಆಗ್ಲೇ ಒತ್ತಿಬಿಟ್ಟಿದ್ದೆ ಕಣಮ್ಮ, ಮೂರು ಬಾಣ ಹಾಕಿದ್ದೆ, ಹೊಸದು ಹೇಗೆ ಬರುತ್ತೋ ನೋಡೋಣ ಅಂತ. ಅವನು ತಲೆ ಎತ್ತೋಕ್ಕೂ ಫ್ಲ್ಯಾಶು ಹೊಡೆಯೋಕ್ಕೂ ಸರಿಹೋಯ್ತು. ಎಲ್ಲರೂ ಎಲ್ಲಿಗೆ ಬಂದಿತ್ತು, ಎಲ್ಲಿಗೆ ಬಂದಿತ್ತು ಅಂದ್ರು." ಅವನು ಸೆಟ್ಟಿನ ಕೆಂಪು ದೀಪ ಆರಿಸಿದ. "ನಾನು, ತಾಳಿ ಕಟ್ಟಿ ಅಂದೆ."

ಬೀದಿಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು. ಸರ್ವಮಂಗಳ ಆ ಫೋಟೋವನ್ನು ಆಲ್ಬಮ್ಮಿನಿಂದ ಬಿಡಿಸಿ ತೆಗೆದು, ಸೆರಗಿನಿಂದ ಒರೆಸಿ, ಕೈಯಲ್ಲಿ ಹಿಡಿದುಕೊಂಡಳು. ಆಲ್ಬಮ್ಮನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿಗವ್ವ? ತವರಿಗಾ?" ಎಂದೆ.

"ಇಲ್ಲಕ್ಕ, ಮನೆಗೆ. ಅವರಿಗೂ ಗೊತ್ತಿಲ್ವಲ್ಲ. ಹೇಳ್ಬೇಕು."

"ಹೇಳಿ? ಆಮೇಲೆ?"

ಅವಳು ಹೊಸ್ತಿಲ ಮೇಲೆ ನಿಂತು ನನ್ನ ಕಡೆಗೆ ತಿರುಗಿದಳು. "ಆಮೇಲೆ ಕೂತು ಯೋಚ್ನೆ ಮಾಡ್ತೀನಿ ಅಕ್ಕ. ಅವತ್ತು ಅದಕ್ಕೇ ಅಲ್ವಾ ತಡೀರಿ ಅಂದಿದ್ದು" ಎಂದು ಬಿಸಿಲಿಗೆ ಇಳಿದು ಹೋದಳು.